ಉದ್ಯಮ ನಡೆಸಲು ಗಟ್ಟಿ ಗುಂಡಿಗೆಯೇ ಬೇಕೇ?

ಪ್ರಶ್ನೆ: ನನಗೆ 36 ವರ್ಷ. ಹತ್ತು ವರ್ಷ ಕೆಲಸದಲ್ಲಿದ್ದೆ. ಎರಡು ವರ್ಷದ ಹಿಂದೆ ಗೆಳೆಯನ ಜೊತೆ ಸೇರಿ ಪ್ಯಾಕೇಜಿಂಗ್ ಡಿಸೈನ್ ಮಾಡಿಕೊಡುವ ಸಣ್ಣ ಕಂಪನಿ ಶುರು ಮಾಡಿದೆ. ಮೊದಲ ವರ್ಷ ಚೆನ್ನಾಗಿತ್ತು. ಮೂರು ತಿಂಗಳ ಹಿಂದೆ ನಮ್ಮ ಅತಿ ದೊಡ್ಡ ಗ್ರಾಹಕರು ಬಿಟ್ಟುಹೋದರು. ಅಂದಿನಿಂದ ಹೊಸಬರಿಗೆ ಫೋನ್ ಮಾಡಲು ಕೈಯೇ ಏಳುವುದಿಲ್ಲ. ಬ್ಯಾಂಕ್ ಖಾತೆ ತೆರೆದು ನೋಡಲು ಭಯ. ಸರಿಯಾಗಿ ನಿದ್ದೆ ಇಲ್ಲ. ಗೆದ್ದವರ ಮಾತು ಕೇಳಿದರೆ ಅವರಿಗೆಲ್ಲ ಹುಟ್ಟಿನಿಂದಲೇ ಧೈರ್ಯ ಬಂದಿತ್ತೇನೋ ಅನಿಸುತ್ತದೆ. ‘ಪಾಸಿಟಿವ್ ಆಗಿರು’ ಅಂತ ಎಲ್ಲರೂ ಹೇಳುತ್ತಾರೆ. ಉದ್ಯಮದಲ್ಲಿ ನಿಲ್ಲಲು ಮನಸ್ಸಿಗೆ ನಿಜವಾಗಿ ಏನು ಬೇಕು? ನನ್ನಲ್ಲಿ ಅದಿಲ್ಲದಿದ್ದರೆ ಬೆಳೆಸಿಕೊಳ್ಳಬಹುದೇ? ಅಥವಾ ಈಗಲೇ ಬಿಟ್ಟು ಕೆಲಸಕ್ಕೆ ಮರಳುವುದು ವಾಸಿಯೇ?

ಉತ್ತರ: ಧೈರ್ಯದ ಮಾತು ಆಮೇಲೆ ಆಡೋಣ. ಮೊದಲು ಬ್ಯಾಂಕ್ ಖಾತೆಯ ವಿಷಯ. ಅದನ್ನು ತೆರೆದು ನೋಡಲು ಭಯ ಅಂದಿದ್ದೀರಿ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿಯೇ ಅಂತ ನನಗನಿಸುತ್ತದೆ. ಉದ್ಯಮ ನಡೆಸುವವರಿಗೆ ಆಪ್ತಸಮಾಲೋಚನೆ ಮಾಡುತ್ತಾ ಬಂದಿರುವ ನಾನು ನಂಬಿರುವುದು ಇಷ್ಟು: ಅವರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಕೆಟ್ಟ ಸುದ್ದಿಯನ್ನು ಬೇಗ ನೋಡುವ, ನೋಡಿದ ಮೇಲೂ ಕೈಕಾಲು ಆಡಿಸುವ ಶಕ್ತಿ. ಆತ್ಮವಿಶ್ವಾಸ, ಭರವಸೆ, ನಾಲ್ಕು ಜನರ ಆಸರೆ, ನಿದ್ದೆ ಎಲ್ಲವೂ ಬೇಕು. ಅವೆಲ್ಲ ಬೇಕಾಗಿರುವುದೇ ಈ ಶಕ್ತಿ ಉಡುಗದಿರಲಿ ಅಂತ.

ನೋಡದೆ ಇರುವುದು ನಿಮ್ಮೊಬ್ಬರ ದೌರ್ಬಲ್ಯವೇನೂ ಅಲ್ಲ. ಕಾರ್ಲ್‌ಸನ್, ಲೋವೆನ್‌ಸ್ಟೀನ್, ಸೆಪ್ಪಿ ಎಂಬ ಸಂಶೋಧಕರು ಷೇರು ಹೂಡಿಕೆದಾರರ ವರ್ತನೆ ಗಮನಿಸಿ 2009ರಲ್ಲಿ ಒಂದು ಲೇಖನ ಪ್ರಕಟಿಸಿದರು. ಮಾರುಕಟ್ಟೆ ಏರುವಾಗ ಜನ ತಮ್ಮ ಖಾತೆಯನ್ನು ಮತ್ತೆ ಮತ್ತೆ ತೆರೆದು ನೋಡುತ್ತಾರೆ. ಇಳಿಯುವಾಗ ಆ ಕಡೆ ತಲೆ ಹಾಕುವುದೇ ಕಡಿಮೆ. ನೋಡದಿದ್ದರೆ ಆ ಹೊತ್ತಿಗೆ ಹಾಯೆನಿಸುತ್ತದೆ, ಅಲ್ವಾ? ಅಪಾಯ ಇರುವುದು ಅಲ್ಲೇ. ತಪ್ಪಿಸಿಕೊಂಡರೆ ಸಮಾಧಾನ ಸಿಗುತ್ತದೆ ಅಂತ ಮನಸ್ಸು ಕಲಿತುಬಿಡುತ್ತದೆ. ನಾಳೆ ಇನ್ನೂ ಸಲೀಸಾಗಿ ತಪ್ಪಿಸಿಕೊಳ್ಳುತ್ತದೆ. ಭಯ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಖಾತೆಯಲ್ಲಿ ಉಳಿದಿರುವ ಹಣಕ್ಕೆ ಒಂದು ಲೆಕ್ಕ ಇದೆ. ರಾತ್ರಿ ಎರಡು ಗಂಟೆಗೆ ಕಲ್ಪಿಸಿಕೊಳ್ಳುವ ನಷ್ಟಕ್ಕೆ ಲೆಕ್ಕವೇ ಇಲ್ಲ.

ನನ್ನ ಬಳಿ ಒಬ್ಬ ಮಹಿಳೆ ಬರುತ್ತಿದ್ದರು. ಅವರದ್ದು ಸಣ್ಣ ಅನುವಾದ ಸಂಸ್ಥೆ. ಹಣ ಬಾಕಿ ಇಟ್ಟ ಗ್ರಾಹಕರ ಪಟ್ಟಿ ಇದ್ದ ಫೈಲನ್ನು ಅವರು ತೆರೆಯುವುದನ್ನೇ ಬಿಟ್ಟಿದ್ದರು. ಒಂದು ದಿನ ಲ್ಯಾಪ್‌ಟಾಪ್ ತರಲು ಹೇಳಿದೆ. ಫೈಲ್ ತೆರೆಯುವ ಮೊದಲು, ಬಾಕಿ ಎಷ್ಟಿರಬಹುದು ಅಂತ ಒಂದು ಚೀಟಿಯಲ್ಲಿ ಬರೆಸಿದೆ. ಬರೆದು ಮಡಚಿಟ್ಟರು. ಆಮೇಲೆ ಫೈಲ್ ತೆರೆದು, ಮೇಲಿನಿಂದ ಕೆಳಗೆ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಓದುತ್ತಾ ಹೋದರು. ಮಧ್ಯದಲ್ಲಿ ಬೆರಳು ನಿಂತಿತು. ‘ಅಯ್ಯೋ, ಇವರಿಗೆ ಬಿಲ್ಲೇ ಕಳಿಸಿಲ್ಲ’ ಅಂದರು. ಕೊನೆಗೆ ಕೂಡಿಸಿ ನೋಡಿದರೆ ಬಾಕಿ ಚೀಟಿಯಲ್ಲಿ ಬರೆದಿದ್ದಕ್ಕಿಂತ ಜಾಸ್ತಿಯೇ ಇತ್ತು. ಆದರೂ ಅವರ ಭುಜದ ಬಿಗಿ ಸಡಿಲಾಗಿದ್ದು ನನಗೆ ಕಾಣುತ್ತಿತ್ತು. ಇವತ್ತು ಬಿಲ್ ಕಳಿಸಬೇಕಾದವರು ಯಾರು, ಫೋನ್ ಮಾಡಬೇಕಾದವರು ಯಾರು ಅಂತ ಅಲ್ಲೇ ಗುರುತು ಹಾಕಿಕೊಂಡರು. ಸುದ್ದಿ ಕೆಟ್ಟದ್ದೇ ಇತ್ತು. ಆದರೆ ಈಗ ಅದಕ್ಕೆ ಹೆಸರುಗಳಿದ್ದವು, ತಾರೀಖುಗಳಿದ್ದವು. ಎಲ್ಲಿಂದ ಶುರು ಮಾಡಬೇಕು ಅನ್ನುವುದು ಗೊತ್ತಾಗಿತ್ತು.

ನೀವೂ ಇಲ್ಲಿಂದಲೇ ಶುರು ಮಾಡಿ. ವಾರದಲ್ಲಿ ಒಂದು ದಿನ, ಒಂದು ಗಂಟೆ ಗೊತ್ತು ಮಾಡಿಕೊಳ್ಳಿ. ರಾತ್ರಿ ಬೇಡ, ಬೆಳಗ್ಗೆ. ಆಗ ನೀವು ಮತ್ತು ನಿಮ್ಮ ಪಾಲುದಾರ ಒಟ್ಟಿಗೆ ಕೂತು ಮೂರೇ ಲೆಕ್ಕ ನೋಡಬೇಕು: ಕೈಯಲ್ಲಿ ಎಷ್ಟಿದೆ, ತಿಂಗಳಿಗೆ ಎಷ್ಟು ಹೋಗುತ್ತಿದೆ, ಯಾರಿಂದ ಎಷ್ಟು ಬರಬೇಕಿದೆ. ನೋಡಿದ ತಕ್ಷಣ ಪರಿಹಾರ ಹುಡುಕಬೇಕು ಅಂತಿಲ್ಲ. ಮೊದಮೊದಲು ಸುಮ್ನೆ ನೋಡಿದರೆ ಸಾಕು. ‘ಈ ವಾರ ನೋಡುತ್ತೇನೆ’ ಅಂತ ಮಾತ್ರ ಅಂದುಕೊಳ್ಳಬೇಡಿ. ಪೀಟರ್ ಗಾಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಅಧ್ಯಯನ ಮಾಡಿ ತೋರಿಸಿದ ವಿಷಯ ಇದು: ‘ಮಾಡುತ್ತೇನೆ’ ಅನ್ನುವುದಕ್ಕಿಂತ ‘ಇಂಥ ಹೊತ್ತು ಬಂದರೆ ಇಂಥದ್ದು ಮಾಡುತ್ತೇನೆ’ ಅಂತ ಮೊದಲೇ ಕಟ್ಟಿಟ್ಟುಕೊಂಡವರು ಹೇಳಿದ್ದನ್ನು ಮಾಡುವ ಸಾಧ್ಯತೆ ಹೆಚ್ಚು. ‘ಸೋಮವಾರ ಹತ್ತು ಗಂಟೆಗೆ ಕುರ್ಚಿಯಲ್ಲಿ ಕೂತ ತಕ್ಷಣ, ಮೇಲ್ ನೋಡುವ ಮೊದಲು ಖಾತೆ ತೆರೆಯುತ್ತೇನೆ.’ ಇಷ್ಟು ನಿಖರವಾಗಿ ಬರೆದಿಟ್ಟರೆ, ಆ ಹೊತ್ತಿನಲ್ಲಿ ಮನಸ್ಸಿನ ಜೊತೆ ಜಗಳ ಆಡುವುದು ಅರ್ಧಕ್ಕರ್ಧ ತಪ್ಪುತ್ತದೆ.

ಇನ್ನು ಹುಟ್ಟಿನಿಂದ ಬರುವ ಧೈರ್ಯದ ಮಾತು. ಸ್ವಭಾವದ ಪಾತ್ರವೇ ಇಲ್ಲ ಅಂತ ನಾನು ಹೇಳಲಾರೆ. ಆಂಡ್ರಿಯಾಸ್ ರೌಚ್ ಮತ್ತು ಮೈಕೆಲ್ ಫ್ರೇಸೆ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಈ ಪ್ರಶ್ನೆಯನ್ನು ನೋಡಿದರು. ಸಾಧಿಸುವ ಹಂಬಲ, ತನ್ನಿಂದಾಗುತ್ತದೆ ಎಂಬ ನಂಬಿಕೆ, ಒತ್ತಡ ತಾಳುವ ಗುಣ, ಹೇಳಿಸಿಕೊಳ್ಳದೆ ಮುಂದಾಗುವ ಗುಣ, ಇವಕ್ಕೂ ಉದ್ಯಮದ ಯಶಸ್ಸಿಗೂ ಸಂಬಂಧ ಇದೆ. ಆದರೆ ಅದು ಹಣೆಬರಹ ಬರೆಯುವಷ್ಟು ಬಲವಾದ ಸಂಬಂಧ ಅಲ್ಲ. ಇನ್ನೊಂದು ವಿಷಯ, ‘ನನ್ನಿಂದಾಗುತ್ತದೆ’ ಎಂಬ ನಂಬಿಕೆ ಕಣ್ಣಿನ ಬಣ್ಣದ ಹಾಗೆ ಬದಲಾಗದೆ ಇರುವಂಥದ್ದಲ್ಲ.

ಇದಕ್ಕೆ ನಾನು ಕೊಡುವ ದೊಡ್ಡ ಪುರಾವೆ ಪಶ್ಚಿಮ ಆಫ್ರಿಕಾದ ಟೋಗೋ ದೇಶದ್ದು. ಅಲ್ಲಿ 1,500 ಸಣ್ಣ ಉದ್ಯಮಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಲೆಕ್ಕಪತ್ರ, ಮಾರಾಟ ಮುಂತಾದ ಮಾಮೂಲಿ ತರಬೇತಿ. ಇನ್ನೊಂದಕ್ಕೆ ಮನಸ್ಸಿನ ತರಬೇತಿ: ತಾನೇ ಮುಂದಾಗುವುದು, ಎರಡು ಹೆಜ್ಜೆ ಮುಂದೆ ಯೋಚಿಸುವುದು, ಅಡ್ಡಿ ಬಂದಾಗ ಇನ್ನೊಂದು ದಾರಿ ಹುಡುಕುವುದು. ಮೂರನೆಯ ಗುಂಪಿಗೆ ಏನೂ ಇಲ್ಲ. ನಾಲ್ಕು ವಾರಗಳ ತರಗತಿ, ಆಮೇಲೆ ಕೆಲವು ತಿಂಗಳು ತರಬೇತುದಾರರೇ ಅವರ ಬಳಿಗೆ ಹೋಗಿ ಮಾರ್ಗದರ್ಶನ ಮಾಡಿದರು, ಅಷ್ಟೇ. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಮುಂದಿನ ಎರಡು ವರ್ಷಗಳಲ್ಲಿ ಮನಸ್ಸಿನ ತರಬೇತಿ ಪಡೆದವರ ಲಾಭ, ತರಬೇತಿಯೇ ಇಲ್ಲದವರಿಗಿಂತ ಶೇ. 30ರಷ್ಟು ಹೆಚ್ಚಿತ್ತು. ಮಾಮೂಲಿ ತರಬೇತಿಯಲ್ಲಿ ಕಂಡ ಏರಿಕೆ ಶೇ. 11. ಅದೂ ಕಾಕತಾಳೀಯವಲ್ಲ ಅಂತ ಗಟ್ಟಿಯಾಗಿ ಹೇಳುವಷ್ಟು ಸ್ಪಷ್ಟವಾಗಿರಲಿಲ್ಲ. ಅವರೆಲ್ಲ ಆಗಲೇ ಉದ್ಯಮ ನಡೆಸುತ್ತಿದ್ದ ವಯಸ್ಕರು. ಅವರಲ್ಲಿ ಇದು ಕೆಲವೇ ತಿಂಗಳಲ್ಲಿ ಬೆಳೆಯಿತು ಅಂದರೆ, ನಿಮ್ಮಲ್ಲೂ ಬೆಳೆಯಬಹುದು.

ವಯಸ್ಸಿನ ಬಗ್ಗೆ ನೀವು ನೇರವಾಗಿ ಕೇಳಿಲ್ಲ. ಆದರೆ 36 ಅಂತ ಬರೆದಿರುವ ರೀತಿಯಲ್ಲಿ ‘ತಡವಾಯಿತೇ’ ಎಂಬ ದನಿ ಕೇಳಿಸಿತು. ಅಮೆರಿಕದ ದತ್ತಾಂಶ ಇಟ್ಟುಕೊಂಡು ಅಜೂಲೇ ಮತ್ತು ಸಂಗಡಿಗರು ನೋಡಿದಾಗ, ಅತಿ ವೇಗವಾಗಿ ಬೆಳೆದ ಹೊಸ ಕಂಪನಿಗಳ ಸ್ಥಾಪಕರಿಗೆ ಶುರು ಮಾಡುವಾಗ ಇದ್ದ ಸರಾಸರಿ ವಯಸ್ಸು 45. ತಡವಾಗಿಲ್ಲ.

ಈಗ ಫೋನ್ ಮಾಡಲು ಏಳದ ಕೈ. ತನ್ನಿಂದ ಒಂದು ಕೆಲಸ ಆಗುತ್ತದೆ ಎಂಬ ನಂಬಿಕೆ ಎಲ್ಲಿಂದ ಬರುತ್ತದೆ ಅಂತ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ವಿವರಿಸಿದ್ದರು. ಸ್ವತಃ ಮಾಡಿ ಗೆದ್ದ ಅನುಭವ, ನಮ್ಮಂಥವರೇ ಮಾಡುವುದನ್ನು ನೋಡುವುದು, ಬೇರೆಯವರು ಹುರಿದುಂಬಿಸುವುದು, ಮತ್ತು ದೇಹದ ಸ್ಥಿತಿ, ಅಂದರೆ ಎದೆ ಹೊಡೆದುಕೊಳ್ಳುವುದನ್ನು ನಾವು ಹೇಗೆ ಅರ್ಥ ಮಾಡಿಕೊಳ್ಳುತ್ತೇವೆ ಅನ್ನುವುದು. ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿ ಮೊದಲನೆಯದು. ಅದಕ್ಕೇ ಭಾಷಣ ಕೇಳಿ ಬಂದ ಹುರುಪು ಎರಡು ದಿನಕ್ಕೆ ಇಳಿದುಹೋಗುತ್ತದೆ. ವೇದಿಕೆಯ ಮೇಲೆ ನಿಂತು ತಮ್ಮ ಗೆಲುವಿನ ಕಥೆ ಹೇಳುವವರನ್ನು ನೋಡಿದಾಗ ನಿಮಗೆ ಆತ್ಮವಿಶ್ವಾಸ ಬರುವ ಬದಲು ಕುಗ್ಗಿದ್ದೂ ಇದರಿಂದಲೇ. ಅವರು ನಿಮ್ಮ ಹಾಗೆ ಕಾಣುವುದಿಲ್ಲ. ನಿಮಗಿಂತ ಒಂದೆರಡು ವರ್ಷ ಮುಂದಿರುವ, ಈಗಲೂ ತಡವರಿಸುತ್ತಾ ನಡೆಸುತ್ತಿರುವ ಒಬ್ಬರ ಪರಿಚಯ ಮಾಡಿಕೊಂಡರೆ ಜಾಸ್ತಿ ಉಪಯೋಗ.

ಸ್ವತಃ ಗೆದ್ದ ಅನುಭವ ಬೇಕು, ಆದರೆ ಫೋನೇ ಮಾಡದಿದ್ದರೆ ಗೆಲ್ಲುವುದು ಹೇಗೆ? ಕೆಲಸವನ್ನು ಚಿಕ್ಕದು ಮಾಡಬೇಕು. ಮೊದಲ ವಾರ ಹೊಸಬರಿಗೆ ಫೋನ್ ಮಾಡಲೇಬೇಡಿ. ನಿಮ್ಮ ಕೆಲಸ ಮೆಚ್ಚಿದ್ದ ಒಬ್ಬ ಹಳೆಯ ಗ್ರಾಹಕರಿಗೆ ಮಾಡಿ. ಮಾರಾಟದ ಮಾತೇ ಬೇಡ. ‘ನಾವು ಮಾಡಿಕೊಟ್ಟ ಪ್ಯಾಕಿಂಗ್ ಬಂದ ಮೇಲೆ ನಿಮ್ಮ ಗ್ರಾಹಕರು ಏನಂದರು?’ ಅಂತ ಕೇಳಿ. ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ಎರಡನೆಯ ವಾರ ಇನ್ನೊಬ್ಬರಿಗೆ ಇದೇ ಪ್ರಶ್ನೆ, ಜೊತೆಗೆ ‘ಇಂಥ ಕೆಲಸ ಬೇಕಿರುವವರು ನಿಮಗೆ ಗೊತ್ತಿದ್ದಾರಾ?’ ಎಂಬ ಒಂದು ಮಾತು. ಆಮೇಲೆ, ಅವರು ಹೇಳಿದ ಹೆಸರಿಗೆ ಫೋನ್. ಅಷ್ಟು ಹೊತ್ತಿಗೆ ನೀವು ಪೂರ್ತಿ ಅಪರಿಚಿತರಿಗೆ ಮಾತಾಡುತ್ತಿರುವುದಿಲ್ಲ, ಕೈಯಲ್ಲಿ ನಾಲ್ಕು ಒಳ್ಳೆಯ ಮಾತೂ ಇರುತ್ತದೆ. ಎದೆ ಆಗಲೂ ಹೊಡೆದುಕೊಳ್ಳಬಹುದು. ಹೊಡೆದುಕೊಳ್ಳಲಿ. ಅದು ನಿಂತ ಮೇಲೆ ಫೋನ್ ಮಾಡುತ್ತೇನೆ ಅಂತ ಕಾದರೆ ಫೋನ್ ಆಗುವುದೇ ಇಲ್ಲ. ಫೋನ್ ಮಾಡುತ್ತಾ ಹೋದ ಹಾಗೆ ಅದು ತಾನಾಗಿ ಕಡಿಮೆಯಾಗುತ್ತದೆ.

‘ಪಾಸಿಟಿವ್ ಆಗಿರು’ ಎಂಬ ಸಲಹೆ ನನಗೆ ಬೇಸರ ತರಿಸುತ್ತದೆ. ಕಾರಣ ಇದೆ. ಉದ್ಯಮಿಗಳಲ್ಲಿ ಆಶಾವಾದಕ್ಕೆ ಬರ ಇಲ್ಲ. ಕೂಪರ್, ವೂ, ಡಂಕೆಲ್‌ಬರ್ಗ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಸುಮಾರು 3,000 ಉದ್ಯಮಿಗಳನ್ನು ‘ನಿಮ್ಮ ಉದ್ಯಮ ಗೆಲ್ಲುವ ಸಾಧ್ಯತೆ ಎಷ್ಟು?’ ಅಂತ ಕೇಳಿದ್ದರು. ಶೇ. 81 ಮಂದಿ ಹತ್ತಕ್ಕೆ ಏಳು ಅಥವಾ ಅದಕ್ಕಿಂತ ಹೆಚ್ಚು ಅಂದರು. ಮೂರರಲ್ಲಿ ಒಬ್ಬರು ಹತ್ತಕ್ಕೆ ಹತ್ತು ಅಂದರು! ಅದೇ ಅಮೆರಿಕದ ಸರ್ಕಾರಿ ಅಂಕಿಅಂಶ ನೋಡಿದರೆ ಹೊಸ ಉದ್ಯಮಗಳಲ್ಲಿ ಸುಮಾರು ಅರ್ಧದಷ್ಟು ಐದು ವರ್ಷದೊಳಗೆ ಮುಚ್ಚುತ್ತವೆ. ಶುರು ಮಾಡುವುದಕ್ಕೆ ಆಶಾವಾದ ಬೇಕು, ಒಪ್ಪುತ್ತೇನೆ. ನಡೆಸುವಾಗ ಅದು ಅತಿಯಾದರೆ ಪೆಟ್ಟು. ಮ್ಯೆಲೆಸ್ಕಿ ಮತ್ತು ಬ್ಯಾರನ್ 2009ರಲ್ಲಿ ಹೊಸ ಕಂಪನಿಗಳನ್ನು ನಡೆಸುವವರನ್ನು ಅಧ್ಯಯನ ಮಾಡಿದಾಗ, ಹೆಚ್ಚು ಆಶಾವಾದಿಗಳಾದವರ ಕಂಪನಿಗಳ ಆದಾಯವೂ ನೌಕರರ ಸಂಖ್ಯೆಯೂ ಕಡಿಮೆ ಬೆಳೆದಿದ್ದು ಕಂಡಿತು. ‘ಎಲ್ಲ ಸರಿಹೋಗುತ್ತದೆ’ ಅನ್ನುವುದೂ ಒಂದೊಂದು ಸಲ ಖಾತೆ ತೆರೆಯದೆ ಇರುವ ಇನ್ನೊಂದು ರೀತಿ.

ಹಾಗಾದರೆ ಭರವಸೆ ಬೇಡವೇ? ಬೇಕು. ಆದರೆ ರಿಕ್ ಸ್ನೈಡರ್ ಎಂಬ ಮನಶ್ಶಾಸ್ತ್ರಜ್ಞರು ಹೇಳಿದ ಅರ್ಥದಲ್ಲಿ ಬೇಕು. ಅವರ ಪ್ರಕಾರ ಭರವಸೆಯಲ್ಲಿ ಎರಡು ಭಾಗ. ಒಂದು, ಮುಟ್ಟಲೇಬೇಕು ಎಂಬ ಛಲ. ಇನ್ನೊಂದು, ಮುಟ್ಟಲು ಒಂದಕ್ಕಿಂತ ಹೆಚ್ಚು ದಾರಿ ಕಾಣುವುದು. ನಮ್ಮಲ್ಲಿ ಹೆಚ್ಚಿನವರಿಗೆ ಛಲದ ಪಾಠವೇ ಸಿಗುತ್ತದೆ, ದಾರಿಯ ಪಾಠ ಸಿಗುವುದಿಲ್ಲ. ನಿಮ್ಮ ಪತ್ರ ಓದಿದರೆ ನಿಮಗೆ ಕಾಣುತ್ತಿರುವುದು ಒಂದೇ ದಾರಿ: ಆ ದೊಡ್ಡ ಗ್ರಾಹಕರಂಥ ಇನ್ನೊಬ್ಬ ದೊಡ್ಡ ಗ್ರಾಹಕರು. ಸ್ವಲ್ಪ ಯೋಚಿಸಿ. ಚಿಕ್ಕ ಚಿಕ್ಕ ಗ್ರಾಹಕರು ಹಲವರು ಸಿಕ್ಕರೆ ಸಾಲದೇ? ಒಂದೇ ಸಲದ ಕೆಲಸದ ಬದಲು ತಿಂಗಳ ಲೆಕ್ಕದ ಒಪ್ಪಂದ ಆಗುತ್ತದೆಯೇ? ಮುದ್ರಣ ಮಾಡುವವರ ಜೊತೆ ಸೇರಿ ಕೆಲಸ ಹಿಡಿಯಬಹುದೇ? ಪ್ರತಿ ದಾರಿಗೂ ‘ಇಲ್ಲಿ ಏನು ಅಡ್ಡ ಬರಬಹುದು’ ಅಂತ ಪಕ್ಕದಲ್ಲೇ ಬರೆಯಿರಿ. ಅಡ್ಡಿಯನ್ನು ಮೊದಲೇ ಬರೆದಿಟ್ಟವರಿಗೆ ಅದು ಬಂದಾಗ ಕಾಲು ಕುಸಿಯುವುದು ಕಡಿಮೆ.

ಒಂದು ಸಣ್ಣ ವಿಷಯ, ಆದರೆ ದಿನಾ ಕೆಲಸಕ್ಕೆ ಬರುವಂಥದ್ದು. ಆ ಗ್ರಾಹಕರು ಯಾಕೆ ಹೋದರು ಅಂತ ನಿಮ್ಮ ಮನಸ್ಸು ನಿಮಗೆ ಏನು ಹೇಳುತ್ತಿದೆ ಅಂತ ಕೇಳಿಸಿಕೊಳ್ಳಿ. ಸೋಲನ್ನು ನಾವು ನಮಗೇ ಹೇಗೆ ವಿವರಿಸಿಕೊಳ್ಳುತ್ತೇವೆ ಅನ್ನುವುದರ ಮೇಲೆ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ತುಂಬ ಕೆಲಸ ಮಾಡಿದ್ದಾರೆ. ‘ನನಗೆ ಯಾವತ್ತೂ ಇಷ್ಟೇ’, ‘ನಾನು ಮುಟ್ಟಿದ್ದೆಲ್ಲ ಹಾಳು’, ‘ಎಲ್ಲ ನನ್ನಿಂದಲೇ’ ಎನ್ನುವ ವಿವರಣೆಗಳು ಮನುಷ್ಯನನ್ನು ಕೂರಿಸಿಬಿಡುತ್ತವೆ. ಅವುಗಳ ಬದಲು ಸಿಹಿ ಮಾತು ತುಂಬಿ ಅಂತ ನಾನು ಹೇಳುತ್ತಿಲ್ಲ. ನಿಜವನ್ನು ತುಂಬಿ. ‘ನಮ್ಮ ಆದಾಯದ ದೊಡ್ಡ ಪಾಲು ಒಬ್ಬರಿಂದಲೇ ಬರುತ್ತಿತ್ತು. ಅವರು ಹೋದಾಗ ನಮಗೆ ಬೇರೆ ಆಧಾರ ಇರಲಿಲ್ಲ.’ ಇದು ಕಹಿ ಮಾತೇ. ಆದರೆ ಇದರಲ್ಲಿ ಸರಿಪಡಿಸಲು ಆಗುವಂಥದ್ದು ಇದೆ. ಅವರು ಹೋದ ಕಾರಣ ನಿಮಗೆ ಇನ್ನೂ ಗೊತ್ತಿಲ್ಲದಿದ್ದರೆ, ಮರ್ಯಾದೆಯಿಂದ ಅವರನ್ನೇ ಕೇಳಿ. ಮೂರು ತಿಂಗಳು ಊಹಿಸಿಕೊಂಡು ನರಳುವುದಕ್ಕಿಂತ ಹತ್ತು ನಿಮಿಷದ ಆ ಮಾತುಕತೆ ಮೇಲು.

ನಿದ್ದೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಆದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಿದ್ದೆಗೆಟ್ಟ ಮನಸ್ಸಿಗೆ ದಾರಿಗಳು ಕಾಣುವುದಿಲ್ಲ, ಬರೀ ಅಪಾಯ ಕಾಣುತ್ತದೆ. ಸಬೀನ್ ಸೊನ್ನೆನ್‌ಟಾಗ್ ಅವರ ಸಂಶೋಧನೆಗಳು ಹೇಳುವುದು, ಕೆಲಸ ಮುಗಿದ ಮೇಲೆ ಮನಸ್ಸು ಕೆಲಸದಿಂದ ಕಳಚಿಕೊಂಡರೆ ದಣಿವು ಚೆನ್ನಾಗಿ ನೀಗುತ್ತದೆ ಅಂತ. ಫೋನ್ ಪಕ್ಕದಲ್ಲಿಟ್ಟುಕೊಂಡು ಸೋಫಾದ ಮೇಲೆ ಕೂತರೆ ಅದು ವಿಶ್ರಾಂತಿ ಆಗುವುದಿಲ್ಲ. ಸಂಜೆ ಹೊತ್ತು ಮನಸ್ಸು ಪೂರ್ತಿ ಬೇಡುವ ಬೇರೆ ಏನಾದರೂ ಇರಲಿ, ಆಟವೋ, ಸಂಗೀತವೋ, ಮಗುವಿನ ಪಾಠವೋ.

ಇನ್ನೂ ಒಂದು ಮಾತು. ಕ್ಯಾಲಿಫೋರ್ನಿಯಾದ ಮನೋವೈದ್ಯ ಮೈಕೆಲ್ ಫ್ರೀಮನ್ ಮತ್ತು ತಂಡ 2015ರಲ್ಲಿ 242 ಉದ್ಯಮಿಗಳನ್ನು ಕೇಳಿದಾಗ, ಶೇ. 49 ಮಂದಿ ಬದುಕಿನಲ್ಲಿ ಎಂದಾದರೂ ಒಂದಾದರೂ ಮಾನಸಿಕ ತೊಂದರೆ ಅನುಭವಿಸಿದ್ದಾಗಿ ಹೇಳಿದರು. ಇವರು ಸೋತವರ ಪಟ್ಟಿಯಲ್ಲ, ಉದ್ಯಮ ಕಟ್ಟಿದವರು. ನಿಮ್ಮ ನಿದ್ದೆಗೇಡು, ಬೇಸರ ಆಗಲೇ ಎರಡು ವಾರ ದಾಟಿದೆ. ಹಾಗಾಗಿ ಅದು ಹೀಗೇ ಇದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎಂಬ ಯೋಚನೆ ಸುಳಿದರೂ ಸಾಕು, ವೈದ್ಯರನ್ನು ಕಾಣಿ. ಆ ಯೋಚನೆ ಬಂದರೆ ಅದೇ ದಿನ ಕಾಣಿ. ಉದ್ಯಮದ ಯಾವ ಲೆಕ್ಕವೂ ಅದಕ್ಕಿಂತ ಮೊದಲಲ್ಲ.

ಕೊನೆಯ ಪ್ರಶ್ನೆ, ಬಿಡುವುದೇ ಇರುವುದೇ? ಇದನ್ನು ನಿಮ್ಮ ಪರವಾಗಿ ನಾನು ತೀರ್ಮಾನಿಸಲಾರೆ. ಆದರೆ ಯಾವಾಗ ತೀರ್ಮಾನಿಸಬಾರದು ಅಂತ ಹೇಳಬಲ್ಲೆ. ಭಯದ ರಾತ್ರಿಯಲ್ಲಿ ಬಿಡುವ ನಿರ್ಧಾರ ಬೇಡ. ಹಾಗೇ, ‘ಇಷ್ಟೆಲ್ಲ ಹಾಕಿದ್ದೇನೆ’ ಎಂಬ ಕಾರಣಕ್ಕೆ ಮುಂದುವರಿಯುವ ನಿರ್ಧಾರವೂ ಬೇಡ. ಬ್ಯಾರಿ ಸ್ಟಾ 1976ರಲ್ಲಿ ಒಂದು ಪ್ರಯೋಗ ಮಾಡಿದರು. ವಾಣಿಜ್ಯ ವಿದ್ಯಾರ್ಥಿಗಳಿಗೆ ಕಂಪನಿಯೊಂದರ ಹಣ ಹಂಚುವ ಕೆಲಸ ಕೊಟ್ಟರು. ಹಿಂದೆ ಹಣ ಹಾಕಿ ಸೋತ ವಿಭಾಗವನ್ನು ತಾವೇ ಆರಿಸಿದ್ದರೆ, ಎರಡನೆಯ ಸಲ ಅದಕ್ಕೇ ಇನ್ನೂ ಹೆಚ್ಚು ಹಣ ಸುರಿದರು. ತಮ್ಮ ಆಯ್ಕೆ ತಪ್ಪು ಅಂತ ಒಪ್ಪುವುದು ಅಷ್ಟು ಕಷ್ಟ. ನೀವು ಇಲ್ಲಿಯವರೆಗೆ ಹಾಕಿದ್ದು ಹೇಗಿದ್ದರೂ ಹೋಗಿದೆ. ಲೆಕ್ಕಕ್ಕೆ ಬರುವುದು ಇನ್ನು ಮುಂದೆ ಹಾಕುವುದು ಮಾತ್ರ.

ಅನುಭವಿ ಉದ್ಯಮಿಗಳು ಹೇಗೆ ಯೋಚಿಸುತ್ತಾರೆ ಅಂತ ಸರಸ್ ಸರಸ್ವತಿ ಅವರು ಹತ್ತಿರದಿಂದ ಅಧ್ಯಯನ ಮಾಡಿದ್ದಾರೆ. ಅವರು ಗುರುತಿಸಿದ ಒಂದು ರೂಢಿ ನಿಮಗೆ ನೇರವಾಗಿ ಹೊಂದುತ್ತದೆ. ಇಂಥವರು ಎಷ್ಟು ಲಾಭ ಬರಬಹುದು ಅಂತ ಲೆಕ್ಕ ಹಾಕುವುದಕ್ಕಿಂತ, ಎಷ್ಟು ಕಳೆದುಕೊಂಡರೆ ತಡೆದುಕೊಳ್ಳಬಲ್ಲೆ ಅಂತ ಮೊದಲು ಕೇಳಿಕೊಳ್ಳುತ್ತಾರೆ. ಈ ಪ್ರಶ್ನೆಗೆ ಉತ್ತರ ಗೊತ್ತಿರುವವರಿಗೆ ಕೆಟ್ಟ ಸುದ್ದಿ ನೋಡಲು ಭಯ ಕಡಿಮೆ, ಯಾಕೆಂದರೆ ಯಾವ ಗೆರೆ ಮುಟ್ಟಿದರೆ ನಿಲ್ಲಿಸಬೇಕು ಅಂತ ಅವರಿಗೆ ಗೊತ್ತಿರುತ್ತದೆ. ನಿಮ್ಮ ಪಾಲುದಾರನ ಜೊತೆ ಕೂತು ಆ ಗೆರೆ ಎಳೆಯಿರಿ: ಇನ್ನು ಎಷ್ಟು ಹಣ, ಎಷ್ಟು ತಿಂಗಳು, ಮನೆಯವರ ಮೇಲೆ ಎಷ್ಟು ಭಾರ. ಮೂರನ್ನೂ ಬರೆದು ಇಬ್ಬರೂ ಸಹಿ ಹಾಕಿ. ಮನೆಯವರಿಗೂ ತೋರಿಸಿ. ಪಾಲುದಾರ ಈ ಮಾತುಕತೆಯನ್ನು ಮುಂದೂಡುತ್ತಿದ್ದರೆ, ಅವರಿಗೂ ನಿಮ್ಮಷ್ಟೇ ಭಯ ಇರಬಹುದು. ‘ನನಗೆ ಖಾತೆ ನೋಡಲೂ ಭಯ ಆಗುತ್ತಿದೆ’ ಅಂತ ನೀವೇ ಮೊದಲು ಹೇಳಿ ನೋಡಿ.

ಕೆಲಸಕ್ಕೆ ಮರಳುವುದು ಅಂದರೆ ಉದ್ಯಮ ಮುಚ್ಚುವುದು ಅಂತಲೇ ಆಗಬೇಕಿಲ್ಲ. ಕೆಲಸ ಬಿಡದೆ ಉದ್ಯಮ ಶುರು ಮಾಡಿ, ಆಮೇಲೆ ಪೂರ್ತಿಯಾಗಿ ಧುಮುಕಿದವರನ್ನು ರಾಫೀ ಮತ್ತು ಫೆಂಗ್ ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದರು. ನೇರವಾಗಿ ಕೆಲಸ ಬಿಟ್ಟು ಶುರು ಮಾಡಿದವರಿಗೆ ಹೋಲಿಸಿದರೆ ಇವರ ಉದ್ಯಮ ಮುಚ್ಚುವ ಸಾಧ್ಯತೆ ಸುಮಾರು ಮೂರನೇ ಒಂದು ಭಾಗ ಕಡಿಮೆ ಇತ್ತು. ನೀವು ಆಗಲೇ ಶುರು ಮಾಡಿರುವುದರಿಂದ ಆ ಅಂಕಿ ನಿಮಗೆ ಹಾಗೇ ಅನ್ವಯಿಸುವುದಿಲ್ಲ. ಆದರೂ ನಿಮ್ಮಿಬ್ಬರಲ್ಲಿ ಒಬ್ಬರು ಕೆಲವು ತಿಂಗಳು ಅರೆಕಾಲಿಕ ಕೆಲಸ ಹಿಡಿದು, ಇನ್ನೊಬ್ಬರು ಕಂಪನಿ ನಡೆಸುವ ಸಾಧ್ಯತೆಯನ್ನು ಆ ಸೋಮವಾರದ ಲೆಕ್ಕದ ಜೊತೆಗೇ ಇಟ್ಟು ನೋಡಿ.